ಮೂವತ್ತು ವ್ಯಾಟಿನ ಆಕಾಶವಾಣಿ

ನನ್ನ ಸಾಲ್ಡರಿಂಗ್ ಐರನ್ 35 ವ್ಯಾಟಿನದು. ಮೇಡಂ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಹಾಗಾದ್ರೆ ಗೋಪಾಲಸ್ವಾಮಿಯವರ ಸ್ಟೇಷನ್ನು ಇದಕ್ಕಿಂತ ಚಿಕ್ಕದು ಅನ್ನಿ" ಎಂದು ನಕ್ಕಿದ್ದರು. ಲೆಕ್ಕ ಸರಿಯೇ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಪ್ರಸಾರ ಶುರು ಮಾಡಿದ್ದು 30 ವ್ಯಾಟಿನ ಯಂತ್ರದಲ್ಲಿ.

ಮೇಡಂ ಅಂದರೆ ನಮ್ಮ ಮೈಸೂರು ನಿಲಯದ ಉದ್ಘೋಷಕಿ. ಹೋದ ತಿಂಗಳು ನಿವೃತ್ತರಾದರು. ಊರಿನ ಹಳೆಯ ಕಥೆ ಹೇಳುವವರು ಮೈಸೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಎಲ್ಲರ ಕಥೆಯೂ ಅರಮನೆಯಲ್ಲಿ ಶುರುವಾಗಿ ಅರಮನೆಯಲ್ಲೇ ಮುಗಿಯುತ್ತದೆ. ಇವರು ಊದುಬತ್ತಿ ಹೊಸೆಯುವವರ, ಟಾಂಗಾ ಓಡಿಸುವವರ, ನಂಜನಗೂಡು ರಸಬಾಳೆ ಬೆಳೆಯುವವರ ಮುಂದೆ ರೆಕಾರ್ಡರ್ ಹಿಡಿದು ಕೂರುತ್ತಿದ್ದರು.

ಹಾಗೆಯೇ ಒಂದು ದಿನ ಒಂಟಿಕೊಪ್ಪಲಿನ ನನ್ನ ರಿಪೇರಿ ಅಂಗಡಿಗೂ ಬಂದರು, ಅವರ ತಂದೆಯ ಮರ್ಫಿ ವಾಲ್ವ್ ಸೆಟ್ಟನ್ನು ಆಟೊದಲ್ಲಿ ಮಡಿಲ ಮೇಲಿಟ್ಟುಕೊಂಡು. ಸೆಟ್ಟು ಬರೀ ನೆಪ. "ಮೂವತ್ತು ವ್ಯಾಟು ಎಲ್ಲಿವರೆಗೆ ಕೇಳಿಸ್ತಿತ್ತು ಹೇಳಿ" ಅಂದರು. ಮೈಕು ಕಂಡದ್ದೇ ನಾನು ಗಂಟಲು ಸರಿಮಾಡಿಕೊಂಡು "ಮಧ್ಯಮ ತರಂಗಾಂತರವು..." ಎಂದು ಹೊರಟೆ. ತಕ್ಷಣ ತಡೆದರು. "ಅದು ನನ್ನ ಭಾಷೆ. ನೀವು ಮೀಡಿಯಂ ವೇವ್ ಅಂತಲೇ ಅನ್ನಿ." ಏರಿಯಲ್ ಎಷ್ಟು ಎತ್ತರ, ಅರ್ತ್ ಸರಿಯಾಗಿದೆಯೇ, ಹಗಲೋ ರಾತ್ರಿಯೋ ಎಂಬುದರ ಮೇಲೆ ಹೋಗುತ್ತದೆ ಅಂದೆ. ಪ್ರಸಾರವಾದಾಗ ನನ್ನ ಮಾತಿನ ಹಿಂದೆ ಟೇಬಲ್ ಫ್ಯಾನಿನ ಕಿರಕಿರವೂ ಹಾಗೇ ಇತ್ತು.

ಸಾಹಿತಿ ನಾ. ಕಸ್ತೂರಿ ಗೋಪಾಲಸ್ವಾಮಿಯವರ ನಿಲಯದಲ್ಲಿ ದುಡಿದದ್ದು, 'ಆಕಾಶವಾಣಿ' ಎಂಬ ಹೆಸರು ನಮ್ಮೂರಿನಿಂದ ದೇಶಕ್ಕೆಲ್ಲ ಹೋದದ್ದು, ಇದನ್ನು ಶಾಲೆ ಮಕ್ಕಳೂ ಒಪ್ಪಿಸುತ್ತಾರೆ. ಮೇಡಂ ಕೇಳುತ್ತಿದ್ದುದೇ ಬೇರೆ. ಮೇಷ್ಟ್ರು ಮಾತಾಡಿದರು, ಸರಿ, ಕೇಳಿದವರು ಯಾರು? ಯಾರ ಮನೆಯಲ್ಲಿ ರೇಡಿಯೊ ಇತ್ತು? ನಾನು ಡ್ರಾಯರಿನಿಂದ ನಮ್ಮಪ್ಪನ ರೇಡಿಯೊ ಲೈಸೆನ್ಸ್ ಪುಸ್ತಕ ತೆಗೆದುಕೊಟ್ಟೆ. ಅದು ಎಷ್ಟೋ ವರ್ಷ ಈಚಿನದು, ಆದರೂ ಅಂಚೆ ಕಚೇರಿಯ ಒಂದೊಂದು ಮುದ್ರೆಯನ್ನೂ ಬೆರಳಿಟ್ಟು ಓದಿದರು. ಒಂದು ವರ್ಷದ ಮುದ್ರೆ ಇರಲಿಲ್ಲ. "ಈ ವರ್ಷ ಏನಾಗಿತ್ತು?" ಅಪ್ಪನಿಗೆ ಕೆಲಸ ಹೋಗಿತ್ತು, ಲೈಸೆನ್ಸಿನ ದುಡ್ಡು ಕಟ್ಟಿರಲಿಲ್ಲ. ಅಷ್ಟು ವರ್ಷ ಆ ಪುಸ್ತಕ ನನ್ನ ಬಳಿಯೇ ಇತ್ತು, ನಾನು ಗಮನಿಸಿರಲಿಲ್ಲ.

ಮೇಷ್ಟ್ರು ಕೈಯಿಂದ ದುಡ್ಡು ಹಾಕಿ ಬೆಳೆಸಿದ ನಿಲಯವನ್ನು 1942ರಲ್ಲಿ ಸಂಸ್ಥಾನ ವಹಿಸಿಕೊಂಡಿತು. 1950ರಲ್ಲಿ ಆಲ್ ಇಂಡಿಯಾ ರೇಡಿಯೊಗೆ ಸೇರಿತು, 1955ರಲ್ಲಿ ಬೆಂಗಳೂರಿಗೆ ಹೊರಟೇಹೋಯಿತು. ಮೈಸೂರಿಗೆ ಮತ್ತೆ ನಿಲಯ ಬಂದದ್ದು 1974ರಲ್ಲಿ. ನಡುವಿನ ಆ ಹತ್ತೊಂಬತ್ತು ವರ್ಷದ ಸಿಟ್ಟು ನಮ್ಮ ಕಡೆಯ ಹಿರಿಯರಲ್ಲಿ ಇನ್ನೂ ಆರಿಲ್ಲ. ನನಗೂ ಸ್ವಲ್ಪ ಇದೆ ಅನ್ನಿ.

ಬೀಳ್ಕೊಡುಗೆಗೆ ಬೀದಿಯವರೆಲ್ಲ ಸೇರಿ ಶಾಲು, ಹಣ್ಣಿನ ಬುಟ್ಟಿ ತಂದಿದ್ದೆವು. ನಾನು ಮರ್ಫಿಯನ್ನು ಒರೆಸಿ ಮೇಜಿನ ಮೇಲಿಟ್ಟೆ. ಕಂಡೆನ್ಸರ್ ಬದಲಾಯಿಸಿದ್ದೆ, ಡಯಲಿನ ದಾರ ಹೊಸದು. ವಾಲ್ವು ಕಾಯುವವರೆಗೆ ಎಲ್ಲರೂ ಸುಮ್ಮನಿದ್ದರು. ಮೈಸೂರು ಈಗ ಎಫ್‌ಎಂ 100.6ರಲ್ಲಿ, ಆ ಸೆಟ್ಟಿಗೆ ಎಫ್‌ಎಂ ಇಲ್ಲ. ಮೇಡಂ ಮುಳ್ಳು ತಿರುಗಿಸುತ್ತಾ ಹೋದರು. ಗರಗರ ಸದ್ದಿನ ನಡುವೆ ಬೆಂಗಳೂರು ಸಿಕ್ಕಿತು.

"ನೋಡಿ, 55ರಲ್ಲಿ ಹೋಗಿದ್ದು ಈಗ ವಾಪಸ್ ಬಂತು" ಅಂದರು.