ಏರು, ಮಳೆ, ಉಪ್ಪುಗಾಳಿ: ಮಂಗಳೂರಿನ ವಿದ್ಯುತ್ ರಿಕ್ಷಾ ಮೋಟಾರಿನ ಸುಸ್ಥಿರತೆಯನ್ನು ಅಳೆಯುವ ಬಗೆ

ವಿದ್ಯುತ್ ವಾಹನದ ಸುಸ್ಥಿರತೆಯ ಚರ್ಚೆ ಹೆಚ್ಚಾಗಿ ಬ್ಯಾಟರಿಯ ಸುತ್ತ ನಡೆಯುತ್ತದೆ. ಮೋಟಾರಿನ ಮಾತು ಬಂದಾಗ ದಕ್ಷತೆ ಎಷ್ಟು, ಕಾಂತದಲ್ಲಿ ಯಾವ ಧಾತು ಎಂಬಲ್ಲಿಗೆ ವಿಚಾರ ನಿಲ್ಲುತ್ತದೆ. ಮಂಗಳೂರಿನ ಬಾಡಿಗೆ ರಿಕ್ಷಾಕ್ಕೆ ಈ ಎರಡು ಮಾನಗಳು ಸಾಲವು. ದುರಸ್ತಿಯ ಖರ್ಚನ್ನೂ ಸೇರಿಸಿ, ಪ್ರಯಾಣಿಕರನ್ನು ಹೊತ್ತು ಓಡಿದ ಪ್ರತಿ ಕಿಲೋಮೀಟರಿಗೆ ಲೆಕ್ಕ ಹಾಕಬೇಕು ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಏರಿನ ಲೆಕ್ಕ. ಚಾಲಕ, ಮೂವರು ಪ್ರಯಾಣಿಕರು ಸೇರಿ ರಿಕ್ಷಾದ ತೂಕ 700 ಕಿಲೋ, ಉರುಳುವಿಕೆಯ ಘರ್ಷಣಾಂಕ 0.015 ಎಂದಿಟ್ಟುಕೊಳ್ಳೋಣ. ಗಾಳಿಯ ತಡೆಯನ್ನು ಬಿಟ್ಟರೆ ಸಮತಟ್ಟು ರಸ್ತೆಯಲ್ಲಿ ಸುಮಾರು 103 ನ್ಯೂಟನ್ ಬಲ ಸಾಕು. 8% ಏರಿನಲ್ಲಿ ಸುಮಾರು 650 ಬೇಕು. ಶಾಶ್ವತ ಕಾಂತದ ಮೋಟಾರಿನಲ್ಲಿ ವಿದ್ಯುತ್ ಪ್ರವಾಹ ತಿರುಚುಬಲಕ್ಕೆ ಅನುಗುಣವಾಗಿ ಏರುತ್ತದೆ, ತಾಮ್ರದ ಸುರುಳಿಯ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ. ಅಂದರೆ ಶಾಖ ಸುಮಾರು 40 ಪಟ್ಟು. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ದಿನವಿಡೀ ಹತ್ತಿಳಿಯುವ ರಿಕ್ಷಾಕ್ಕೆ ಸಮತಟ್ಟು ಊರಿನ ಪರೀಕ್ಷಾ ಫಲಿತಾಂಶ ಹೊಂದದು.

ಈ ಶಾಖವೇ ಕಾಂತದ ಧಾತುವನ್ನೂ ನಿರ್ಧರಿಸುತ್ತದೆ. ನಿಯೋಡಿಮಿಯಂ ಕಾಂತದ ತೂಕದಲ್ಲಿ ಸುಮಾರು 30% ವಿರಳ ಭೂಧಾತು. ಸಾಧಾರಣ ದರ್ಜೆಯದು ಸುಮಾರು 80 ಡಿಗ್ರಿ ಸೆಲ್ಸಿಯಸ್ ತಾಳುತ್ತದೆ. 150 ಡಿಗ್ರಿ ತಾಳಬೇಕಾದರೆ ಸಾಮಾನ್ಯವಾಗಿ ಡಿಸ್ಪ್ರೋಸಿಯಂ ಅಥವಾ ಟೆರ್ಬಿಯಂ ಬೆರೆಸುತ್ತಾರೆ. ಕೇರಳದ ಚವರದ ಕಡಲಮರಳಿನ ಮೊನಜೈಟ್‌ನಲ್ಲಿ ನಿಯೋಡಿಮಿಯಂ ಉಂಟು, ಈ ಭಾರಧಾತುಗಳು ಅತ್ಯಲ್ಪ. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತು ನಿಯಂತ್ರಣ ಹೇರಿದ 7 ಧಾತುಗಳಲ್ಲಿ ಇವೆರಡೂ ಇವೆ.

ಎರಡನೆಯದು ನೀರು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿದು. ಐಪಿ67 ಗುರುತು 1 ಮೀಟರ್ ಸಿಹಿನೀರಿನಲ್ಲಿ 30 ನಿಮಿಷ ಮುಳುಗಿಸಿದ ಪರೀಕ್ಷೆಯದು. ಉಪ್ಪುಗಾಳಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದಕ್ಕೆ ಐಎಸ್‌ಒ 9227ರಂಥ ಬೇರೆಯೇ ಪರೀಕ್ಷೆಯಿದೆ. ಲೇಪ ಬಿರುಕು ಬಿಟ್ಟರೆ ನಿಯೋಡಿಮಿಯಂ ಕಾಂತ ಬೇಗ ತುಕ್ಕು ಹಿಡಿಯುತ್ತದೆ. ಬೇರಿಂಗಿನದೂ ಅದೇ ಪಾಡು.

ಹಾಗಾದರೆ ಕಾಂತವೇ ಬೇಡವೆನ್ನಬಹುದೆ? 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರಿನ ನಂತರದ ಮಾದರಿಗಳಲ್ಲಿ ಇಂಡಕ್ಷನ್ ಮೋಟಾರಿತ್ತು. ಅಲ್ಲಿಯದೇ ಚಾರಾ ಟೆಕ್ನಾಲಜೀಸ್ ವಿರಳಧಾತುವಿಲ್ಲದ ರಿಲಕ್ಟೆನ್ಸ್ ಮೋಟಾರು ತಯಾರಿಸುತ್ತಿದೆ. ಆದರೆ ಇಂಡಕ್ಷನ್ ಮೋಟಾರಿನ ರೋಟರಿನಲ್ಲೂ ವಿದ್ಯುತ್ ಶಾಖವಾಗಿ ಪೋಲಾಗುತ್ತದೆ. ಪಡುಬಿದ್ರಿಯ ಕಲ್ಲಿದ್ದಲು ಸ್ಥಾವರವೂ ಸೇರಿರುವ ಜಾಲದಿಂದ ಚಾರ್ಜ್ ಆಗುವಾಗ ಆ ಪೋಲೂ ಲೆಕ್ಕಕ್ಕೆ ಬರಬೇಕು. ಕಾಂತವಿಲ್ಲದ್ದೆಲ್ಲ ಸುಸ್ಥಿರವೆಂಬ ತೀರ್ಮಾನ ನಿಲ್ಲುವುದಿಲ್ಲ.

ಕೊನೆಯದು ದುರಸ್ತಿ. ನೀರೆತ್ತುವ ಪಂಪಿನ ಮೋಟಾರು ಸುಟ್ಟರೆ ರೀವೈಂಡಿಂಗ್ ಅಂಗಡಿಯಲ್ಲಿ ಮತ್ತೆ ಜೀವ ಪಡೆಯುತ್ತದೆ. ಅಂಟು ತುಂಬಿ ಮುಚ್ಚಿದ ಮೋಟಾರಿಗೆ ಆ ದಾರಿ ಕಷ್ಟ. ಬಿಚ್ಚದೆ ಗುಜರಿಗೆ ಹೋದರೆ ತಾಮ್ರ ಉಕ್ಕಿನೊಳಗೆ ಸೇರಿ ಅದರ ಗುಣ ಕೆಡಿಸುತ್ತದೆ. ವಿರಳಧಾತು ಕುಲುಮೆಯ ಕಿಟ್ಟದ ಪಾಲಾಗುತ್ತದೆ.

ಆದ್ದರಿಂದ ಕರಾವಳಿಯ ಮೌಲ್ಯಮಾಪನಕ್ಕೆ ಕನಿಷ್ಠ ನಾಲ್ಕು ದಾಖಲೆ ಬೇಕು: ತುಂಬು ಬಾಡಿಗೆಯಲ್ಲಿ ಏರು ಹತ್ತುವಾಗಿನ ಸುರುಳಿಯ ಉಷ್ಣತೆ, ಒಂದು ಮಳೆಗಾಲ ಕಳೆದ ಮೇಲಿನ ಕಾಂತ–ಬೇರಿಂಗುಗಳ ಸ್ಥಿತಿ, ರೀವೈಂಡಿಂಗ್ ಸಾಧ್ಯವೇ ಎಂಬುದು, ಬಿಚ್ಚಿದಾಗ ಬೇರೆಯಾಗಿ ಸಿಗುವ ತಾಮ್ರ ಮತ್ತು ಕಾಂತದ ತೂಕ. ದಕ್ಷತೆಯಲ್ಲಿ ತುಸು ಹಿಂದಿದ್ದರೂ ಎರಡು ಬಾರಿ ದುರಸ್ತಿಯಾಗಿ ಓಡುವ ಮೋಟಾರು ಈ ಲೆಕ್ಕದಲ್ಲಿ ಮುಂದೆ ಬರಬಹುದು.