ಕಫದ ತವರುಮನೆ

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂಬುದು ನಮ್ಮ ಗಾದೆ. ಈ ರೋಗದಲ್ಲಿ ಸುರಿಯುವ ಕಫ ಹುಟ್ಟುವುದೆಲ್ಲಿ? ಯುರೋಪಿನ ವೈದ್ಯರು ಸುಮಾರು 2,000 ವರ್ಷಕಾಲ ಕೊಟ್ಟ ಉತ್ತರ: ಮಿದುಳಿನಲ್ಲಿ.

ಕ್ರಿ.ಪೂ. 400ರ ಸುಮಾರಿನ ಹಿಪಾಕ್ರಟೀಸನ ಪಂಥದ ಗ್ರಂಥಗಳಲ್ಲಿಯೇ ಈ ಮಾತುಂಟು. ತುಂಬಿದ ಕೆರೆ ಕೋಡಿ ಬಿದ್ದಂತೆ ಮಿದುಳಿನ ಕಫ ಕೆಳಗೆ ಹರಿಯುವುದಂತೆ. ಮೂಗಿಗಿಳಿದರೆ ನೆಗಡಿ, ಎದೆಗಿಳಿದರೆ ಕೆಮ್ಮು. 2ನೆಯ ಶತಮಾನದ ಗೇಲೆನ್ ದಾರಿಯನ್ನೂ ತೋರಿಸಿದ. ಮೂಗಿನ ಮೇಲೆ, ಮಿದುಳಿನ ತಳದಲ್ಲಿ, ಜರಡಿಯಂತೆ ತೂತುಗಳುಳ್ಳ ಎಲುಬೊಂದಿದೆ. ಜರಡಿಯಿದ್ದ ಮೇಲೆ ಸೋಸುವುದಕ್ಕೆ ಏನಾದರೂ ಇರಲೇಬೇಕಲ್ಲವೆ! ಗೇಲೆನನ ಎಷ್ಟೋ ತಪ್ಪುಗಳನ್ನು 1543ರಲ್ಲಿ ಎತ್ತಿ ತೋರಿಸಿದ ವೆಸೇಲಿಯಸನೂ ಈ ಒಂದನ್ನು ಬಿಡಲಿಲ್ಲ; ಮಿದುಳಿನಡಿಯ ಪುಟ್ಟ ಗ್ರಂಥಿಯೊಂದು ಕಫವನ್ನು ಹಿಡಿದಿಳಿಸುತ್ತದೆಂದು ನಂಬಿದ. ಆ ಗ್ರಂಥಿಯ 'ಪಿಟ್ಯುಟರಿ' ಎಂಬ ಹೆಸರು ಬಂದದ್ದು ಕಫದ ಲ್ಯಾಟಿನ್ ಹೆಸರಿನಿಂದಲೇ.

ಬರಿಯ ಪಂಡಿತರ ವಾದವಾಗಿದ್ದರೆ ನಷ್ಟವೇನೂ ಇರಲಿಲ್ಲ. ಆದರೆ ಪಾಡುಪಟ್ಟವನು ರೋಗಿ. ತಲೆಯನ್ನು ಬರಿದುಮಾಡಲೆಂದು ಸೀನಿಸುವ ಪುಡಿ, ಭೇದಿಯ ಔಷಧ; ಸಾಲದುದಕ್ಕೆ ಕಾದ ಕಬ್ಬಿಣ. ಸುಮಾರು ಕ್ರಿ.ಶ. 1000ದಲ್ಲಿ ಕಾರ್ಡೋಬಾದ ಅಲ್‌-ಜಹ್ರಾವಿ, ಮಿದುಳಿನ ಶೀತಕ್ಕೆ ನೆತ್ತಿಯ ಮೇಲೆ ಬರೆಯೆಳೆಯುವ ಕ್ರಮವನ್ನು ವಿವರಿಸಿದ್ದಾನೆ. ನಮ್ಮ ಆಯುರ್ವೇದವೂ ಮೂಗನ್ನು ತಲೆಯ ಬಾಗಿಲೆಂದು ಬಗೆದು ನಸ್ಯ ಹಾಕಿತು. ಕಫದ ಮುಖ್ಯ ನೆಲೆಯನ್ನು ಮಾತ್ರ ಎದೆಯಲ್ಲಿಯೇ ಇಟ್ಟಿತು.

ಈ ಕಟ್ಟಡವನ್ನು ಕೆಡವಿದವನು ಜರ್ಮನಿಯ ವಿಟೆನ್‌ಬರ್ಗಿನ ಪ್ರಾಧ್ಯಾಪಕ ಕಾನ್ರಾಡ್ ವಿಕ್ಟರ್ ಶ್ನೈಡರ್. ಒಣಗಿದ ತಲೆಬುರುಡೆಯಲ್ಲಿ ತೆರೆದು ಕಾಣುವ ಆ ತೂತುಗಳು ದೇಹದಲ್ಲಿ ನರದೆಳೆಗಳಿಂದಲೂ ಪೊರೆಯಿಂದಲೂ ಮುಚ್ಚಿರುತ್ತವೆ. ಕಫ ಅಲ್ಲಿಂದ ಇಳಿಯಲಾರದು, ಅದು ಮೂಗಿನ ಒಳಪೊರೆಯಲ್ಲಿಯೇ ಹುಟ್ಟುತ್ತದೆ ಎಂದು 1660ರಿಂದ ಪ್ರಕಟವಾದ ತನ್ನ ದೊಡ್ಡ ಗ್ರಂಥದಲ್ಲಿ ಸಾಧಿಸಿದ. 1670ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲೋವರನೂ ಮಿದುಳಿನ ಮೇಲಿನ ಈ ಆರೋಪವನ್ನು ತಳ್ಳಿಹಾಕಿದ.

ಆ ಪೊರೆಯ ಕೆಲಸ ತಿಳಿಯಲು ಇನ್ನೂ ಕಾಲ ಹಿಡಿಯಿತು. ಪುರ್ಕಿನ್ಯೆ ಮತ್ತು ವ್ಯಾಲೆಂಟಿನ್ 1834ರಲ್ಲಿ ಸಸ್ತನಿಗಳ ಶ್ವಾಸನಾಳದಲ್ಲಿ ಅಲುಗಾಡುವ ಸೂಕ್ಷ್ಮರೋಮಗಳನ್ನು ಕಂಡರು. ಧೂಳು, ಕ್ರಿಮಿ ಅಂಟಿದ ಕಫವನ್ನು ಗಂಟಲಿನತ್ತ ದೂಡುವವು ಇವೇ. ಎಂದರೆ ಕಫ ಕಸವಲ್ಲ, ಕಸ ಸಾಗಿಸುವ ಬಂಡಿ. ಧೂಮಪಾನದಿಂದ ಈ ರೋಮಗಳು ಸೊರಗುತ್ತವೆ, ಕಫವೂ ಹೆಚ್ಚುತ್ತದೆ. ಬೀಡಿ ಸಿಗರೇಟು ಬಿಡದೆ ಕಷಾಯ ಕುಡಿದು ಫಲವೇನು? ಕಫ ಬರುವ ಕೆಮ್ಮನ್ನು ಸುಮ್ಮನೆ ಅದುಮುವುದೂ ಜಾಣತನವಲ್ಲ. ಸಾಕಷ್ಟು ನೀರು ಕುಡಿದು ಕಫ ಸಲೀಸಾಗಿ ಹೊರಬರುವಂತೆ ಮಾಡಿದರೆ ಸಾಮಾನ್ಯ ನೆಗಡಿ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ, ರಕ್ತ ಬೆರೆತ ಕಫಕ್ಕೆ ಮನೆಮದ್ದು ಸಲ್ಲದು. ಅಂಥಲ್ಲಿ ವೈದ್ಯರು ಆ ಕಫವನ್ನೇ ಒಂದು ಡಬ್ಬಿಯಲ್ಲಿ ಕೇಳುತ್ತಾರೆ, 1882ರಲ್ಲಿ ಕಾಖ್ ಕಂಡುಹಿಡಿದ ಕ್ಷಯದ ಕ್ರಿಮಿ ಅದರಲ್ಲಿದೆಯೇ ಎಂದು ನೋಡಲು.