ಲಾಗಿನ ಸಾಲುಗಳು ಸರದಿ ತಪ್ಪಿದಾಗ

ಪುಣೆಯ ಹವಾಮಾನ ಇಲಾಖೆಯಲ್ಲಿ ರಾಷ್ಟ್ರೀಯ ದತ್ತಾಂಶ ಕೇಂದ್ರವಿದೆ. ದೇಶದ ಮಳೆ, ಗಾಳಿ, ಬಿಸಿಲಿನ ಹಳೆಯ ದಾಖಲೆಗಳ ಜೊತೆಗೆ ಹಡಗುಗಳಿಂದ ಬಂದ ವಿವರಗಳೂ ಅಲ್ಲಿವೆ. ‘ಲಾಗ್’ ಎಂಬ ಪದವೂ ಹಡಗಿನದೇ. ಹಗ್ಗಕ್ಕೆ ಕಟ್ಟಿದ ಮರದ ತುಂಡನ್ನು ನೀರಿಗೆಸೆದು, ಎಷ್ಟು ಹಗ್ಗ ಬಿಚ್ಚಿಕೊಂಡಿತೆಂದು ನೋಡಿ ನಾವಿಕರು ವೇಗ ಅಳೆಯುತ್ತಿದ್ದರು. ಅದನ್ನು ಬರೆದಿಡುವ ಪುಸ್ತಕಕ್ಕೆ ಆ ತುಂಡಿನ ಹೆಸರೇ ನಿಂತಿತು. ಗಾಳಿ ತಿರುಗಿದ್ದು ಮೊದಲೋ ಮಳೆ ಬಂದದ್ದು ಮೊದಲೋ ತಿಳಿಯದಿದ್ದರೆ ಅಂಥ ಪುಸ್ತಕವಿದ್ದೂ ಪ್ರಯೋಜನವಿಲ್ಲ.

ಇಂದು ಸರ್ವರ್‌ಗಳೂ ಲಾಗ್ ಬರೆಯುತ್ತವೆ. 1990ರಲ್ಲಿ ರೂಪು ಪಡೆದ ಹ್ಯಾಸ್ಕೆಲ್ ಭಾಷೆಯಲ್ಲಿ ಈ ಕೆಲಸಕ್ಕೆಂದು ಜಪಾನಿನ ಕಾಜು ಯಮಾಮೊಟೊ ಬರೆದ ಲೈಬ್ರರಿ ಫಾಸ್ಟ್-ಲಾಗರ್. ಮೊದಮೊದಲು ಎಲ್ಲ ಸಾಲುಗಳೂ ಒಂದೇ ಬೀಗವಿದ್ದ ಬಾಗಿಲಿನಿಂದ ಹೋಗಬೇಕಿತ್ತು. 2014ರಲ್ಲಿ ಬಿಡುಗಡೆಯಾದ ಜಿಎಚ್‌ಸಿ 7.8 ಕಂಪೈಲರ್ ಹಲವು ಕೋರ್‌ಗಳನ್ನು ಒಟ್ಟಿಗೆ ಚೆನ್ನಾಗಿ ದುಡಿಸತೊಡಗಿದಾಗ ಆ ಬಾಗಿಲಲ್ಲಿ ನೂಕುನುಗ್ಗಲಾಯಿತು. ಯಮಾಮೊಟೊ ಒಂದೊಂದು ಕೋರ್‌ಗೂ ಒಂದೊಂದು ಬಫರ್ ಕೊಟ್ಟರು. ತುಂಬಿದ ಬಫರ್ ತನ್ನ ಸಾಲುಗಳನ್ನು ಫೈಲಿಗೆ ಸುರಿಯುತ್ತದೆ.

ವೇಗ ಬಂತು, ಸರದಿ ಹೋಯಿತು. ಎರಡನೇ ಕೋರ್‌ನ ಬಫರ್ ಮೊದಲು ತುಂಬಿದರೆ, ಹಣ ವಾಪಸಾದ ಸಾಲು ಹಣ ಕಟ್ಟಿದ ಸಾಲಿಗಿಂತ ಮೇಲೆ ಕಾಣಿಸಬಹುದು. ಸಮಯ ನೋಡಿ ಜೋಡಿಸೋಣವೆಂದರೆ, ಈ ಲೈಬ್ರರಿ ಒದಗಿಸುವ ಸಮಯವೂ ವೇಗದ ಸಲುವಾಗಿ ಸೆಕೆಂಡಿಗೊಮ್ಮೆ ಮಾತ್ರ ಬದಲಾಗುತ್ತದೆ. ಒಂದೇ ಸೆಕೆಂಡಿನಲ್ಲಿ ಬಿದ್ದ ನೂರು ಸಾಲುಗಳಲ್ಲಿ ಯಾವುದು ಮೊದಲು?

ಹೀಗಾಗಿ ನಂತರದ ಆವೃತ್ತಿಗಳಲ್ಲಿ ಹೊಸ ಸೌಲಭ್ಯವೊಂದು ಸೇರಿತು. ಹಳೆಯದನ್ನು ತೆಗೆಯಲಿಲ್ಲ; ಪಕ್ಕದಲ್ಲೇ ಇನ್ನೊಂದು ದಾರಿ ಮಾಡಿದರು. ಅಲ್ಲಿ ಸಾಲುಗಳೆಲ್ಲ ಒಂದೇ ಕ್ಯೂನಲ್ಲಿ ನಿಲ್ಲುತ್ತವೆ, ಕಾಲಕ್ರಮದಲ್ಲೇ ಹೊರಬರುತ್ತವೆ. ಅದಕ್ಕೆ ತೆರಬೇಕಾದ ಬೆಲೆಯನ್ನು ಕೈಪಿಡಿ ಮುಚ್ಚಿಡುವುದಿಲ್ಲ: ಕೋರ್‌ಗಳು ಹೆಚ್ಚಿದಷ್ಟೂ ವೇಗ ಹೆಚ್ಚದು, ಮೆಮೊರಿಯೂ ಹೆಚ್ಚು ಬೇಕು.

ಇದು ಜಪಾನಿನಲ್ಲೇ ಮುಗಿಯುವ ಮಾತಲ್ಲ. ಆನ್‌ಲೈನ್ ಪಾವತಿಯ ಕೆಲಸ ಮಾಡುವ ಬೆಂಗಳೂರಿನ ಜಸ್‌ಪೇ ಕಂಪನಿ ಹ್ಯಾಸ್ಕೆಲ್ ಬಳಸುತ್ತದೆ. ಅದು ಮುಕ್ತವಾಗಿ ಹಂಚಿಕೊಂಡ ಆಯ್ಲರ್-ಎಚ್‌ಎಸ್ ಚೌಕಟ್ಟು ಲಾಗ್ ಬರೆಯುವುದು ಟೈನಿಲಾಗ್ ಲೈಬ್ರರಿಯ ಮೂಲಕ; ಟೈನಿಲಾಗ್ ನಿಂತಿರುವುದು ಫಾಸ್ಟ್-ಲಾಗರ್ ಮೇಲೆ.

ವೆಬ್‌ಸೈಟಿಗೆ ಎಷ್ಟು ಜನ ಬಂದರೆಂಬ ಲೆಕ್ಕಕ್ಕೆ ವೇಗದ ದಾರಿ ಸಾಕು. ಕಟ್ಟಿದ ಹಣ ಯಾವ ಹಂತದಲ್ಲಿ ಸಿಕ್ಕಿಬಿತ್ತೆಂದು ಹುಡುಕುವವರಿಗೆ ಲಾಗ್ ಒಂದು ಸಾಕ್ಷಿ. ಹಿಂದುಮುಂದಾಗಿ ಹೇಳುವ ಸಾಕ್ಷಿ ಎಷ್ಟು ಬೇಗ ಮಾತಾಡಿದರೇನು?